ಒಣಸೀಮೆಯ ಹುಡುಗ ನೀರಿನಲ್ಲಿ ಗೆದ್ದ ಬಗೆ

ನಮ್ಮ ಸಂಘದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರು ಕೆಲವರಿದ್ದೇವೆ. ಶೃಂಗೇರಿ, ಹರಿಹರಪುರಗಳಲ್ಲಿ ತುಂಗೆ, ಬಾಳೆಹೊನ್ನೂರಲ್ಲಿ ಭದ್ರೆ, ಎನ್.ಆರ್.ಪುರದ ಬದಿಗೆ ಭದ್ರಾ ಅಣೆಕಟ್ಟಿನ ಹಿನ್ನೀರು. ನೀರು ನೋಡುತ್ತಲೇ ಬೆಳೆದವರು ನಾವು. ಆದರೂ ದೋಣಿ ಅಂದ್ರೆ ನಮಗೆ ಆಚೆ ದಡ ಸೇರುವ ಸಾಧನ, ಅಷ್ಟೇ. ಮಳೆಗಾಲದಲ್ಲಿ ಹೊಳೆ ಕಡೆ ಹೋಗಿ ಬೈಸಿಕೊಂಡಿದ್ದೇ ಹೆಚ್ಚು.

ಹಾಗಾಗಿ ಬಜರಂಗ್ ಲಾಲ್ ತಾಖರ್ ಅವರ ಕಥೆ ಓದಿದಾಗ ನಮಗೆ ಸ್ವಲ್ಪ ನಾಚಿಕೆಯೇ ಆಯಿತು. ಅವರು ಹುಟ್ಟಿದ್ದು 1981ರಲ್ಲಿ, ರಾಜಸ್ಥಾನದ ಸೀಕರ್ ಜಿಲ್ಲೆಯಲ್ಲಿ. ಹೊಳೆಯೂ ಇಲ್ಲ, ದೋಣಿಯೂ ಇಲ್ಲದ ಒಣಸೀಮೆ. ಅವರು ರೋಯಿಂಗ್ ಕಲಿತದ್ದು ಸೈನ್ಯ ಸೇರಿದ ಮೇಲೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದ ಸಿಂಗಲ್ ಸ್ಕಲ್ಸ್‌ನಲ್ಲಿ ಬೆಳ್ಳಿ ಬಂತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರೂ ಪದಕ ಸಿಗಲಿಲ್ಲ. 2010ರಲ್ಲಿ ಗುವಾಂಗ್‌ಝೌನಲ್ಲಿ ಚಿನ್ನ. ಏಷ್ಯನ್ ಕ್ರೀಡಾಕೂಟದ ರೋಯಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. 2013ರಲ್ಲಿ ಪದ್ಮಶ್ರೀ ಬಂತು.

ಬೆಳ್ಳಿಯಿಂದ ಚಿನ್ನಕ್ಕೆ ನಾಲ್ಕು ವರ್ಷ ಯಾಕೆ ಬೇಕಾಯ್ತು? ಇಲ್ಲಿ ನಮ್ಮ ಫ್ಲೂಯಿಡ್ ಮೆಕಾನಿಕ್ಸ್ ನೆರವಿಗೆ ಬರುತ್ತೆ.

ಸಿಂಗಲ್ ಸ್ಕಲ್ಸ್ ಅಂದರೆ ಒಬ್ಬನೇ ಕೂತು, ಎರಡು ಕೈಗೆ ಎರಡು ಹುಟ್ಟು ಹಿಡಿದು, 2000 ಮೀಟರ್ ಸಾಗುವ ಸ್ಪರ್ಧೆ. ದೋಣಿಯ ಉದ್ದ ಸುಮಾರು 8 ಮೀಟರ್, ಆದರೆ ಕನಿಷ್ಠ ತೂಕ ಬರೀ 14 ಕಿಲೋ. ಕೂರುವ ಹಲಗೆ ಹಿಂದಕ್ಕೂ ಮುಂದಕ್ಕೂ ಜಾರುತ್ತೆ, ಪಾದ ಕಟ್ಟಿರುತ್ತೆ. ಹಾಗಾಗಿ ಹುಟ್ಟು ಎಳೆಯುವುದು ತೋಳು ಮಾತ್ರ ಅಲ್ಲ, ಹೆಚ್ಚಿನ ಬಲ ಕಾಲಿನದು. ಹುಟ್ಟು ಒಂದು ಸನ್ನೆ. ದೋಣಿಯ ಅಂಚಿನಾಚೆ ಚಾಚಿದ ಕಂಬಿಯ ಮೇಲೆ ಅದು ತಿರುಗುತ್ತೆ.

ನೀರಿನ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಅಂದರೆ ಬೇಕಾದ ಪವರ್ ವೇಗದ ಘನಕ್ಕೆ ಅನುಪಾತ. ವೇಗ ಶೇ. 10 ಹೆಚ್ಚಬೇಕಾದರೆ ಪವರ್ ಶೇ. 33 ಹೆಚ್ಚಬೇಕು! ಬರೀ ಶೇ. 2 ಹೆಚ್ಚಿಸಲು ಶೇ. 6 ಪವರ್ ಬೇಕು, ಅದರಿಂದ 7 ನಿಮಿಷದ ಓಟದಲ್ಲಿ ಉಳಿಯುವುದು ಸುಮಾರು 8 ಸೆಕೆಂಡು. ಆದರೆ ಆ 8 ಸೆಕೆಂಡೇ ಪದಕದ ಬಣ್ಣ ಬದಲಿಸಬಹುದು. ಒಮ್ಮೆ ಜೋರಾಗಿ ಎಳೆದು, ಆಮೇಲೆ ಸುಸ್ತಾದರೆ ಲೆಕ್ಕ ಕೆಡುತ್ತೆ. ಒಂದೇ ಹದದಲ್ಲಿ ಎಳೆಯುತ್ತಲೇ ಇರಬೇಕು. ಅದೂ ಗುರಿಗೆ ಬೆನ್ನು ಹಾಕಿ ಕೂತು!

ತಾಖರ್ ಅವರಿಗೆ ಹುಟ್ಟೂರು ನೀರು ಕೊಡಲಿಲ್ಲ. ಸೈನ್ಯ ದೋಣಿ, ತರಬೇತಿ, ದಿನಚರಿ ಕೊಟ್ಟಿತು. ದಿನಾ ನೀರಿಗಿಳಿದದ್ದು ಅವರೇ. ನಮ್ಮ ಕಡೆ ಇದರ ತದ್ವಿರುದ್ಧ. ಬಂಡೆಗಳ ನಡುವೆ ಹರಿಯುವ ತುಂಗೆ ಈ ಆಟಕ್ಕೆ ಒಗ್ಗಲಿಕ್ಕಿಲ್ಲ. ಆದರೆ ಬೇಸಿಗೆಯಲ್ಲಿ ಇಳಿದರೂ ಭದ್ರೆಯ ಹಿನ್ನೀರು ನಿಂತ ನೀರು, ವಿಶಾಲವಾದ ನೀರು. ಇಲ್ಲದ್ದು ದೋಣಿ ಮತ್ತು ಕಲಿಸುವವರು.

ಅದೆಲ್ಲ ಬರುವಾಗ ಬರಲಿ. ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸ ಒಂದಿದೆ: ಮೊದಲು ಸರಿಯಾಗಿ ಈಜು ಕಲಿಯೋಣ. ಹೊಳೆ ಊರಿನವರಾಗಿ ಅಷ್ಟಾದರೂ ಬೇಡವೇ?