ಗರ್ಭಕೋಶ ತೆಗೆಸಲು ಒಪ್ಪುವ ಮುನ್ನ

‘ಮಕ್ಕಳಾಯ್ತಲ್ಲ, ಇನ್ನೇಕೆ ಅದು?’ ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ.’ ಗರ್ಭಕೋಶ ತೆಗೆಸಿ ಎನ್ನುವವರು ಸಾಮಾನ್ಯವಾಗಿ ಈ ಎರಡು ಮಾತು ಹೇಳುತ್ತಾರೆ. ಇವೆರಡೂ ಆಪರೇಷನ್‌ಗೆ ಕಾರಣವಾಗಲಾರವು. ಲಂಬಾಣಿ ತಾಂಡಾ ಮತ್ತು ದಲಿತ ಕೇರಿಗಳ ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಖಾಸಗಿ ಆಸ್ಪತ್ರೆಗಳಲ್ಲಿ ವಿನಾಕಾರಣ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ಕಲಬುರಗಿಯಲ್ಲಿ ಎದ್ದಿತು. ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಎಂದು ಆಸ್ಪತ್ರೆಗೆ ಹೋದವರೇ ಅವರಲ್ಲಿ ಬಹಳ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಸೂಚಿಸಿತು.

ಇಂಥ ಸಲಹೆ ಬಂದಾಗ ದೇವನಹಳ್ಳಿ ಬಳಿಯ ಬೂದಿಗೆರೆ ಕಡೆಯ ಹೆಣ್ಣುಮಕ್ಕಳು ಏನು ಮಾಡಬೇಕು?

ಮೊದಲು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮುಟ್ಟು ಏಳು ದಿನ ದಾಟುತ್ತದೆಯೇ, ಗಂಟೆಗೊಂದು ಪ್ಯಾಡ್ ಬದಲಿಸಬೇಕೇ, ರಕ್ತದ ಗಡ್ಡೆ ಬೀಳುತ್ತದೆಯೇ ಎಂದು ಎರಡು-ಮೂರು ತಿಂಗಳು ಬರೆದಿಡಿ. ವಿಪರೀತ ರಕ್ತ ಹೋಗುತ್ತಿದ್ದರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ನಂತರ ಹಿಮೋಗ್ಲೋಬಿನ್, ಥೈರಾಯ್ಡ್, ಗರ್ಭಕಂಠದ ತಪಾಸಣೆ, ಸ್ಕ್ಯಾನಿಂಗ್. ನಲವತ್ತೈದು ದಾಟಿ ರಕ್ತಸ್ರಾವ ಏರುಪೇರಾಗಿದ್ದರೆ ಗರ್ಭಕೋಶದ ಒಳಪದರದ ಬಯಾಪ್ಸಿಯೂ ಬೇಕು. ಬಿಳಿ ಸೆರಗಿಗೆ ಸೋಂಕು ಕಾರಣವಾಗಿದ್ದರೆ ಅದು ಸಾಮಾನ್ಯವಾಗಿ ಮಾತ್ರೆಯಲ್ಲಿ ವಾಸಿಯಾಗುತ್ತದೆ.

ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಗಾಬರಿಯಾಗುವವರೇ ಹೆಚ್ಚು. ‘ಬಲ್ಕಿ ಯೂಟರಸ್’ ಎಂದರೆ ಗರ್ಭಕೋಶ ಸ್ವಲ್ಪ ದಪ್ಪಗಿದೆ ಎಂದಷ್ಟೇ, ಹಲವು ಹೆರಿಗೆಯಾದವರಲ್ಲಿ ಇದು ಸಾಮಾನ್ಯ. ‘ನಬೋಥಿಯನ್ ಸಿಸ್ಟ್’ ನಿರಪಾಯದ ಸಣ್ಣ ನೀರುಗುಳ್ಳೆ. ಎರಡು ಸೆಂಟಿಮೀಟರಿನ ಫೈಬ್ರಾಯ್ಡ್ ಗಡ್ಡೆ ತೊಂದರೆ ಕೊಡದಿದ್ದರೆ ಆಗಾಗ ಪರೀಕ್ಷಿಸಿಕೊಂಡರೆ ಸಾಕು. ಮುಟ್ಟು ನಿಂತ ಮೇಲೆ ಇಂಥ ಗಡ್ಡೆಗಳು ಸಾಮಾನ್ಯವಾಗಿ ಕುಗ್ಗುತ್ತವೆ.

ಆಪರೇಷನ್ ಬಿಟ್ಟು ಬೇರೇನಿದೆ ಎಂದು ನೇರವಾಗಿ ಕೇಳಿ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಮಾತ್ರೆ, ಐದು ವರ್ಷ ಕೆಲಸ ಮಾಡುವ ಹಾರ್ಮೋನ್ ವಂಕಿ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಇವೆ. ಹಾರ್ಮೋನ್ ವಂಕಿ ಎಷ್ಟೋ ಮಂದಿಗೆ ಆಪರೇಷನ್ ತಪ್ಪಿಸಿದೆ.

ಆಪರೇಷನ್‌ಗೆ ಹೇಳಿದ ಕಾರಣವನ್ನು ಚೀಟಿಯಲ್ಲಿ ಬರೆಸಿಕೊಂಡು ದೇವನಹಳ್ಳಿ ಅಥವಾ ಹೊಸಕೋಟೆಯ ಸರ್ಕಾರಿ ಆಸ್ಪತ್ರೆಯಲ್ಲಿ, ಇಲ್ಲವೇ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ. ದಾರಿ ದೂರವಾದರೂ ಇದೊಂದನ್ನು ಬಿಡಬೇಡಿ.

ಕ್ಯಾನ್ಸರ್ ಖಚಿತವಾಗಿದ್ದರೆ, ಔಷಧಕ್ಕೂ ರಕ್ತಸ್ರಾವ ನಿಲ್ಲದಿದ್ದರೆ, ಗಡ್ಡೆ ದೊಡ್ಡದಾಗಿ ಮೂತ್ರಚೀಲ ಒತ್ತುತ್ತಿದ್ದರೆ, ಗರ್ಭಕೋಶ ತೀರಾ ಜಾರಿದ್ದರೆ ಆಪರೇಷನ್ ಬೇಕಾಗಬಹುದು. ಆಗ ಹೆದರಿ ಮುಂದೂಡುವುದೂ ತಪ್ಪು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಿ.

ಒಪ್ಪಿದಿರಾದರೆ ಕೇಳಲೇಬೇಕಾದ ಪ್ರಶ್ನೆ, ‘ಅಂಡಾಶಯ ಉಳಿಸುತ್ತೀರಾ?’ ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯ ತೆಗೆದರೆ ಮೈ ಬಿಸಿಯೇರುವುದು, ನಿದ್ದೆಗೇಡು ಒಮ್ಮೆಲೇ ಶುರುವಾಗುತ್ತವೆ. ಮೂಳೆ ಸವೆತ, ಹೃದ್ರೋಗದ ಅಪಾಯವೂ ಹೆಚ್ಚು. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಷ್ಟ, ಸೋಂಕು, ಮೂತ್ರನಾಳಕ್ಕೆ ಪೆಟ್ಟು ಬೀಳುವ ಸಾಧ್ಯತೆಯೂ ಇದೆ. ಸುಮಾರು ಆರು ವಾರ ಕೊಡ ಎತ್ತುವಂತಿಲ್ಲ, ಹೊಲದ ಕೆಲಸ ಮಾಡುವಂತಿಲ್ಲ. ಮನೆಯವರು ಇದನ್ನು ಮೊದಲೇ ತಿಳಿದಿರಬೇಕು.

ಸಹಿ ಹಾಕುವ ಮುನ್ನ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆಯ ಮೇಲೆ ಗರ್ಭಕೋಶ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ.