ಬಂದುಹೋಗುವ ದೋಷ: ಹಳೆಯ ಸ್ಟೀರಿಯೋ ವರ್ಧಕವೊಂದರಿಂದ ಕಲಿತ ಪಾಠ

ಯಂತ್ರವೊಂದು ಪೂರ್ತಿಯಾಗಿ ಕೆಟ್ಟು ನಿಂತರೆ ಅದನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಕೆಟ್ಟ ಭಾಗವು ಎಲ್ಲಿಗೂ ಓಡಿಹೋಗದೆ ನಮಗಾಗಿ ಕಾದಿರುತ್ತದೆ. ಆದರೆ ಒಮ್ಮೆ ಕೆಟ್ಟು, ಮತ್ತೊಮ್ಮೆ ತಾನಾಗಿಯೇ ಸರಿಹೋಗಿ, ರಿಪೇರಿಯವನ ಮುಂದಿಟ್ಟಾಗ ಏನೂ ಆಗಿಲ್ಲವೆಂಬಂತೆ ನಡೆಯುವ ಯಂತ್ರವು ನಮ್ಮ ತಾಳ್ಮೆಯನ್ನೂ ತರ್ಕವನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ. ಮನೆಯ ಹಳೆಯ ಸ್ಟೀರಿಯೋ ಆಂಪ್ಲಿಫೈಯರಿನಲ್ಲಿ, ಅಂದರೆ ಧ್ವನಿವರ್ಧಕ ಪೆಟ್ಟಿಗೆಯಲ್ಲಿ, ಇಂಥ ದೋಷ ಕಾಣಿಸಿಕೊಂಡಾಗ ಅದನ್ನು ಹುಡುಕುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಒಂದು ಮನೆಯ ಪ್ರಸಂಗ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಂದ ನಮ್ಮ ತರಗತಿಗೆ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಕೆಲವರ ಮನೆಗಳಲ್ಲಿ ಕ್ಯಾಸೆಟ್ಟುಗಳ ಕಾಲದ ವರ್ಧಕಗಳು ಇಂದಿಗೂ ಉಳಿದುಕೊಂಡಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ಗೀತೆಗಳನ್ನು ಒಂದು ತಲೆಮಾರು ಇಂಥ ಯಂತ್ರಗಳ ಮುಂದೆ ಕುಳಿತೇ ಕೇಳಿತು.

ಪಾಂಡವಪುರ ತಾಲ್ಲೂಕಿನ ನಾಲೆಯ ಬಯಲಿನಲ್ಲಿರುವ ವಿದ್ಯಾರ್ಥಿಯೊಬ್ಬನ ಮನೆಯ ಪ್ರಸಂಗವಿದು. ಅವನ ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ತಂದೆಯವರು ಎರಡು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅಜ್ಜಿ ಈಗಿಲ್ಲ, ಆ ಧ್ವನಿಗೆ ಇನ್ನೊಂದು ಪ್ರತಿಯೂ ಇರಲಿಲ್ಲ. ಕ್ಯಾಸೆಟ್ಟನ್ನು ಹಾಕಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎಡಗಡೆಯ ಸ್ಪೀಕರು ಕರಕರಗುಟ್ಟತೊಡಗಿ, ಹಾಡನ್ನೆಲ್ಲ ನುಂಗಿ, ಕೊನೆಗೆ ಮೌನವಾಗುತ್ತಿತ್ತು. ಅದೇ ವರ್ಧಕದ ಮೂಲಕ ಬೆಳಗಿನ ರೇಡಿಯೋ ವಾರ್ತೆ ಕೇಳಿದರೆ ಯಾವ ತೊಂದರೆಯೂ ಇಲ್ಲ. ಆದುದರಿಂದ ಟೇಪು ಹಳತಾಗಿ ಕೆಟ್ಟಿದೆಯೆಂದು ಮನೆಯವರು ತೀರ್ಮಾನಿಸಿದ್ದರು. ಟೇಪಿನ ಅಂಚು ಸವೆದರೆ ಒಂದು ಬದಿಯ ಧ್ವನಿ ಕುಂದುವುದುಂಟಾದ್ದರಿಂದ ಈ ಊಹೆ ಅಸಂಬದ್ಧವೇನೂ ಆಗಿರಲಿಲ್ಲ. ಮನೆಗೆ ಸುಣ್ಣ ಬಳಿಸುವ ಸಂದರ್ಭದಲ್ಲಿ ಆ ಕ್ಯಾಸೆಟ್ಟುಗಳು ಕಸದ ರಾಶಿಗೆ ಸೇರುವುದರಲ್ಲಿದ್ದುವು.

ನಾವು ಹುಡುಗನನ್ನು ಕೇಳಿದ ಪ್ರಶ್ನೆ ಒಂದೇ: “ವಾರ್ತೆಯನ್ನು ಎಷ್ಟು ಹೊತ್ತು ಕೇಳುತ್ತೀರಿ?” ಹತ್ತು ನಿಮಿಷವೆಂದು ಅವನು ಉತ್ತರಿಸಿದ. ದೋಷ ತೋರುವುದು ಅರ್ಧ ಗಂಟೆಯ ಮೇಲೆ. ಹಾಗಾದರೆ ಕ್ಯಾಸೆಟ್ಟು ಮತ್ತು ರೇಡಿಯೋ ಎಂಬ ಭೇದದ ಹಿಂದೆ ದೀರ್ಘಕಾಲ ಮತ್ತು ಅಲ್ಪಕಾಲ ಎಂಬ ಇನ್ನೊಂದು ಭೇದ ಅಡಗಿತ್ತೆಂದಾಯಿತು. ಅಂದು ಸಂಜೆ ಅವನು ಕ್ಯಾಸೆಟ್ಟನ್ನು ಮುಟ್ಟದೆ ರೇಡಿಯೋವನ್ನೇ ಒಂದು ಗಂಟೆ ನಡೆಸಿದ. ಅರ್ಧ ಗಂಟೆ ದಾಟುತ್ತಲೇ ಅದೇ ಕರಕರ, ಅದೇ ಮೌನ. ಒಂದು ಪೈಸೆಯ ಖರ್ಚಿಲ್ಲದೆ ಅಜ್ಜಿಯ ಧ್ವನಿ ನಿರ್ದೋಷಿಯೆಂದು ಸಿದ್ಧವಾಯಿತು. ಎರಡು ಸಂಗತಿಗಳು ಜೊತೆಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗಬೇಕಿಲ್ಲ ಎಂಬ ಸೂತ್ರವನ್ನು ನಮ್ಮ ವಿದ್ಯಾರ್ಥಿಗಳು ಇದಕ್ಕಿಂತ ಚೆನ್ನಾಗಿ ಕಲಿಯಲಾರರು.

ಎರಡು ಲೋಹಗಳು ಕೂಡುವಲ್ಲಿ

ಬಂದುಹೋಗುವ ದೋಷಗಳಲ್ಲಿ ಹೆಚ್ಚಿನವು ಎರಡು ವಾಹಕಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಹುಟ್ಟುತ್ತವೆ. ಕಣ್ಣಿಗೆ ನುಣುಪಾಗಿ ಕಾಣುವ ಲೋಹದ ಮೈಯೂ ಸೂಕ್ಷ್ಮದರ್ಶಕದಲ್ಲಿ ಗುಡ್ಡ ಕಣಿವೆಗಳ ನಾಡಿನಂತಿರುತ್ತದೆ. ಎರಡು ಮೈಗಳನ್ನು ಒತ್ತಿದಾಗ ಕೆಲವು ಶಿಖರಗಳು ಮಾತ್ರ ಪರಸ್ಪರ ತಾಗುತ್ತವೆ. ವಿದ್ಯುತ್ತೆಲ್ಲ ಆ ಇಕ್ಕಟ್ಟಾದ ದಾರಿಗಳಲ್ಲೇ ಸಾಗಬೇಕು. ಅಲ್ಲಿ ಧೂಳೋ ಕಿಲುಬೋ ಸೇರಿದರೆ ದಾರಿ ಮುಚ್ಚುತ್ತದೆ.

ಕಂಚು ಹಿತ್ತಾಳೆಗಳ ಕೆಲಸಕ್ಕೆ ಹೆಸರಾದ ನಾಗಮಂಗಲದ ಕಡೆಯವರಿಗೆ ಕಿಲುಬಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿದ ದೀಪ ಕೆಲವು ದಿನಗಳಲ್ಲಿ ಮಂಕಾಗುತ್ತದೆ. ಹುಣಸೆಹಣ್ಣಿನ ಆಮ್ಲದಿಂದ ತಿಕ್ಕಿದರೆ ಮತ್ತೆ ಹೊಳೆಯುತ್ತದೆ. ವರ್ಧಕದ ಸ್ವಿಚ್ಚುಗಳ ಲೋಹಕ್ಕೂ ಇಂಥದೇ ತೆಳುಪೊರೆ ಕಟ್ಟುತ್ತದೆ. (ಇಲ್ಲಿ ಹುಣಸೆಹಣ್ಣು ಸಲ್ಲದು, ಉಳಿದ ಆಮ್ಲ ಲೋಹವನ್ನೇ ತಿಂದುಹಾಕೀತು.)

ಹಾಗಾದರೆ ಗೋಡೆಯ ದೀಪದ ಸ್ವಿಚ್ಚು ಕರಕರಗುಟ್ಟದೆ ವರ್ಧಕದ ಸ್ವಿಚ್ಚು ಮಾತ್ರ ಏಕೆ ತೊಂದರೆ ಕೊಡುತ್ತದೆ? 230 ವೋಲ್ಟ್ ಒತ್ತಡವು ತೆಳುಪೊರೆಯನ್ನು ಸೀಳಿಕೊಂಡು ಹೋಗಬಲ್ಲದು. ಆದರೆ ಕಾಂತೀಯ ಪಿಕಪ್ಪುಳ್ಳ ರೆಕಾರ್ಡು ಯಂತ್ರದಿಂದ ವರ್ಧಕಕ್ಕೆ ಬರುವುದು ಕೆಲವೇ ಮಿಲಿವೋಲ್ಟ್. ಟೇಪ್ ಯಂತ್ರದಿಂದ ಬರುವುದು ಒಂದು ವೋಲ್ಟಿನ ಭಾಗ. ಇಷ್ಟು ದುರ್ಬಲವಾದ ಸಂಜ್ಞೆಗೆ ಪೊರೆಯೂ ಗೋಡೆಯಾಗುತ್ತದೆ. ಇದರಿಂದ ಒಂದು ಒಳ್ಳೆಯ ಸುಳಿವೂ ದೊರೆಯುತ್ತದೆ. ಮೆಲ್ಲಗೆ ಹಾಡಿದಾಗ ಮೌನವಾಗಿರುವ ಬದಿಯು ಧ್ವನಿಯನ್ನು ಏರಿಸಿದೊಡನೆ ತಟ್ಟನೆ ಎಚ್ಚರಗೊಂಡರೆ, ಸ್ಪೀಕರಿನ ದಾರಿಯಲ್ಲಿರುವ ರಿಲೇ ಎಂಬ ವಿದ್ಯುತ್ಕಾಂತೀಯ ಸ್ವಿಚ್ಚಿನ ಮೇಲೆ ಸಂದೇಹಪಡಬೇಕು. ಏರಿದ ಒತ್ತಡವು ಅದರ ಪೊರೆಯನ್ನು ಒಡೆದಿರುತ್ತದೆ.

ಗುಂಡಿಯನ್ನು ತಿರುಗಿಸುವಾಗ ಮಾತ್ರ ಕರಕರ ಕೇಳಿದರೆ ಅದು ಧ್ವನಿನಿಯಂತ್ರಕದ ದೋಷ. ಅದರೊಳಗೆ ಇಂಗಾಲದ ಹಾದಿಯೊಂದರ ಮೇಲೆ ಲೋಹದ ನಾಲಗೆ ಜಾರುತ್ತಿರುತ್ತದೆ. ಹಾದಿ ಸವೆದೋ ಧೂಳು ತುಂಬಿಯೋ ನಾಲಗೆ ತಪ್ಪುತ್ತದೆ. ತಕ್ಕ ದ್ರವದಿಂದ ತೊಳೆದ ಕೆಲವೇ ದಿನಗಳಲ್ಲಿ ಶಬ್ದ ಮರಳಿದರೆ, ಹಿಂದಿರುವ ಕೆಪಾಸಿಟರು ಸೋರಿ ಏಕಮುಖ ವಿದ್ಯುತ್ತು ಆ ಹಾದಿಗೆ ಬರುತ್ತಿರಬಹುದು.

ಮೂರನೆಯ ಬಗೆ ಬೆಸುಗೆಯ ಬಿರುಕು. 10 ಮಿಲಿಮೀಟರ್ ಉದ್ದದ ತಾಮ್ರದ ಕಾಲು 40 ಸೆಲ್ಸಿಯಸ್ ಡಿಗ್ರಿಗಳಷ್ಟು ಬಿಸಿಯೇರಿದರೆ ಸುಮಾರು 0.007 ಮಿಲಿಮೀಟರ್ ಹಿಗ್ಗುತ್ತದೆ. ತವರ ಸೀಸಗಳ ಬೆಸುಗೆಯೂ ಅದನ್ನು ಹೊತ್ತ ಹಲಗೆಯೂ ಬೇರೆ ಬೇರೆ ಪ್ರಮಾಣಗಳಲ್ಲಿ ಹಿಗ್ಗುತ್ತವೆ. ಈ ಎಳೆದಾಟ ಪ್ರತಿ ಸಂಜೆಯೂ ನಡೆದು, ವರ್ಷಗಳ ಮೇಲೆ ಬೆಸುಗೆ ದಣಿದು ಸೀಳುತ್ತದೆ. ತಣ್ಣಗಿದ್ದಾಗ ಸೀಳಿನ ಎರಡು ಅಂಚುಗಳು ತಾಗಿಕೊಂಡಿರುತ್ತವೆ, ಬಿಸಿಯಾದಾಗ ಬೇರೆಯಾಗುತ್ತವೆ. ಅರ್ಧ ಗಂಟೆಯ ಮೇಲೆ ತೋರುವ ದೋಷಕ್ಕೆ ಇದು ತಕ್ಕ ಕಾರಣವೆಂಬುದನ್ನು ವಾಚಕರು ಈಗಾಗಲೇ ಊಹಿಸಿರಬಹುದು. ಆದರೆ ಊಹೆ ಸಾಲದು, ಜಾಗ ಗೊತ್ತಾಗಬೇಕು.

ನೀರುಗಂಟಿಯ ಉಪಾಯ

ಶ್ರೀರಂಗಪಟ್ಟಣದ ಮೇಲುಭಾಗದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿರುವ ಕೃಷ್ಣರಾಜಸಾಗರದಿಂದ, ಹಿಂದೆ ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆ ಹೊರಡುತ್ತದೆ. ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಅನುಭವಿಯಾದ ನೀರುಗಂಟಿ ಪ್ರತಿಯೊಂದು ತೂಬನ್ನೂ ಅಗೆಯಹೋಗುವುದಿಲ್ಲ. ಕಾಲುವೆಯ ನಡುಭಾಗಕ್ಕೆ ನಡೆದು ನೋಡುತ್ತಾನೆ. ಅಲ್ಲಿ ನೀರಿದ್ದರೆ ತಡೆ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಉಳಿದರ್ಧದ ನಡುವಿಗೆ ಮತ್ತೆ ನಡೆಯುತ್ತಾನೆ. ಹೀಗೆ 16 ತೂಬುಗಳಲ್ಲಿ ಕೆಟ್ಟ ಒಂದನ್ನು ನಾಲ್ಕೇ ನೋಟಗಳಲ್ಲಿ ಕಂಡುಹಿಡಿಯಬಹುದು.

ಸಂಜ್ಞೆಯೂ ಹೀಗೆಯೇ ಟೇಪ್ ಯಂತ್ರದಿಂದ ತಂತಿಗೆ, ಆಯ್ಕೆಯ ಸ್ವಿಚ್ಚಿಗೆ, ಧ್ವನಿನಿಯಂತ್ರಕಕ್ಕೆ, ಮೊದಲ ವರ್ಧಕ ಹಂತಕ್ಕೆ, ಬಲವರ್ಧಕ ಹಂತಕ್ಕೆ, ರಿಲೇಗೆ, ಸ್ಪೀಕರಿಗೆ ಹರಿಯುತ್ತದೆ. ಸ್ಟೀರಿಯೋದಲ್ಲಿ ನಮಗೆ ಇನ್ನೂ ಒಂದು ಅನುಕೂಲವಿದೆ. ಇಂಗ್ಲೆಂಡಿನ ಇಂಜಿನಿಯರ್ ಅಲನ್ ಬ್ಲಮ್ಲೀನ್ 1931ರಲ್ಲಿ ಎರಡು ದಾರಿಗಳ ಧ್ವನಿಮುದ್ರಣಕ್ಕೆ ಪೇಟೆಂಟನ್ನು ಕೋರಿದ್ದು ಕಿವಿಗಳ ಸುಖಕ್ಕಾಗಿ. ಆದರೆ ದೋಷ ಹುಡುಕುವವನಿಗೆ ಅದರಿಂದ ಒಂದೇ ಬಗೆಯ ಎರಡು ಕಾಲುವೆಗಳು ಪಕ್ಕಪಕ್ಕದಲ್ಲೇ ದೊರೆತಂತಾಯಿತು. ಒಂದು ಕೆಟ್ಟಾಗ ಇನ್ನೊಂದು ಹೋಲಿಕೆಗೆ ನಿಲ್ಲುತ್ತದೆ.

ಮೊದಲ ಪರೀಕ್ಷೆ: ವರ್ಧಕವನ್ನು ಆರಿಸಿ, ಅದರ ಹಿಂಬದಿಯಲ್ಲಿ ಎಡಬಲ ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿರಿ. ಮೊದಲು ಮೌನವಾಗಿದ್ದ ಸ್ಪೀಕರೇ ಮತ್ತೆ ಮೌನವಾದರೆ ದೋಷ ಆ ಸ್ಪೀಕರಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಮೌನವು ಇನ್ನೊಂದು ಸ್ಪೀಕರಿಗೆ ದಾಟಿದರೆ ದೋಷ ಅದಕ್ಕಿಂತ ಹಿಂದಿದೆ.

ಎರಡನೆಯ ಪರೀಕ್ಷೆ: ಸ್ಪೀಕರುಗಳನ್ನು ಮೊದಲಿನಂತೆ ಜೋಡಿಸಿ, ವರ್ಧಕವನ್ನು ಪ್ರವೇಶಿಸುವ ಎಡಬಲ ತಂತಿಗಳನ್ನು ಅದಲುಬದಲು ಮಾಡಿರಿ. ಮೌನವು ಬದಿ ಬದಲಿಸಿದರೆ ತಪ್ಪು ಟೇಪ್ ಯಂತ್ರದ್ದು ಅಥವಾ ಅದರ ತಂತಿಯದು, ಬದಲಿಸದಿದ್ದರೆ ವರ್ಧಕದ್ದು.

ಮೂರನೆಯ ಪರೀಕ್ಷೆ: ಎಡಬಲಗಳನ್ನು ಕೂಡಿಸುವ ಮಾನೋ ಗುಂಡಿಯಿದ್ದರೆ ದೋಷ ತೋರುತ್ತಿರುವಾಗಲೇ ಅದನ್ನು ಒತ್ತಿರಿ. ಮೌನವಾದ ಬದಿ ಮತ್ತೆ ಹಾಡಿದರೆ ತಡೆ ಆ ಗುಂಡಿಗಿಂತ ಹಿಂದಿದೆ, ಹಾಡದಿದ್ದರೆ ಮುಂದಿದೆ.

ಇಲ್ಲಿ ಎರಡು ನಿಯಮಗಳನ್ನು ಮರೆಯಬಾರದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನೆಯದಾಗಿ, ತಂತಿಯನ್ನು ಅಲುಗಿಸಿದ್ದರಿಂದಲೋ ಯಂತ್ರ ತಣ್ಣಗಾದುದರಿಂದಲೋ ದೋಷ ತಲೆಮರೆಸಿಕೊಂಡಿರಬಹುದು. ಆದುದರಿಂದ ಬದಲಿಸಿದ ಮೇಲೂ ಮೊದಲಿನಷ್ಟೇ ಹೊತ್ತು ಕಾಯಬೇಕು, ಹಿಂದಿನ ಜೋಡಣೆಗೆ ಮರಳಿಸಿದಾಗ ದೋಷವೂ ಮರಳುವುದೇ ಎಂದು ನೋಡಬೇಕು. ನಮ್ಮ ವಿದ್ಯಾರ್ಥಿ ಇದನ್ನೆಲ್ಲ ಐದು ಸಂಜೆಗಳಲ್ಲಿ ಮಾಡಿ, ಗಂಟೆ ನಿಮಿಷಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡ. ಮೊದಲ ಪರೀಕ್ಷೆಯಲ್ಲಿ ಮೌನವು ಬಲ ಸ್ಪೀಕರಿಗೆ ದಾಟಿತು. ಎರಡನೆಯದರಲ್ಲಿ ಎಡದಲ್ಲೇ ನಿಂತಿತು. ಮೂರನೆಯದರಲ್ಲಿ ಎಡಬದಿ ಹಾಡಲಿಲ್ಲ. ಧ್ವನಿಯನ್ನು ಏರಿಸಿದರೂ ಅದು ಎಚ್ಚರಗೊಳ್ಳಲಿಲ್ಲ. ತಿರುಪನ್ನು ಮುಟ್ಟುವ ಮೊದಲೇ ದೋಷವು ವರ್ಧಕದ ಮುಂಭಾಗದಲ್ಲಿಲ್ಲ, ಎಡ ಬಲವರ್ಧಕದ ಸುತ್ತಮುತ್ತ ಇದೆಯೆಂದು ಗೊತ್ತಾಯಿತು.

ಮುಚ್ಚಳ ತೆಗೆಯುವ ಮುನ್ನ

ಇಲ್ಲಿಯವರೆಗಿನ ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು. ಮುಂದಿನದನ್ನು ಅನುಭವಿಗಳು ಜೊತೆಗಿಲ್ಲದೆ ಮಾಡಕೂಡದು. ಸ್ವಿಚ್ಚನ್ನು ಆರಿಸಿದರೆ ಸಾಲದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಆಗಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. 4700 ಮೈಕ್ರೋಫ್ಯಾರಡ್ ಕೆಪಾಸಿಟರು 40 ವೋಲ್ಟ್ ಹೊತ್ತಿದ್ದರೆ ಅದರ ಶಕ್ತಿ, ½ಸಿವಿ² ಎಂಬ ಸೂತ್ರದಂತೆ, ಸುಮಾರು 3.8 ಜೂಲ್. ತಿರುಪುಳಿಯಿಂದ ಅದರ ತುದಿಗಳನ್ನು ಕೂಡಿಸಿದರೆ ಕಿಡಿ ಸಿಡಿದು ಲೋಹ ಕರಗೀತು. ಅವಾಹಕ ಹಿಡಿಯುಳ್ಳ 1000 ಓಮ್ ರೋಧಕವನ್ನು ಸುಮಾರು 25 ಸೆಕೆಂಡು ತುದಿಗಳಿಗೆ ತಾಗಿಸಿದರೆ ವಿದ್ಯುತ್ತು ಶಾಂತವಾಗಿ ಇಳಿಯುತ್ತದೆ. ಬಳಿಕ ಮೀಟರಿನಿಂದ ಅಳೆದು ಸೊನ್ನೆಯನ್ನು ಕಂಡೇ ಕೈಯಿಡಬೇಕು. ಕವಾಟಗಳುಳ್ಳ, ಅಂದರೆ ವಾಲ್ವುಗಳುಳ್ಳ, ವರ್ಧಕದಲ್ಲಿ ನೂರಾರು ವೋಲ್ಟುಗಳಿರುತ್ತವೆ. ಅದನ್ನು ವಿದ್ಯಾರ್ಥಿಗಳು ತೆರೆಯಲೇಬಾರದು. ರಿಲೇಯನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸುವುದೂ ತಪ್ಪು. ಏಕಮುಖ ವಿದ್ಯುತ್ತು ಸ್ಪೀಕರನ್ನು ಸುಡದಂತೆ ಕಾಯುವುದು ಆ ರಿಲೇಯೇ.

ಬಿರುಕು ಸಿಕ್ಕಿದ ಬಗೆ

ನಮ್ಮ ಪ್ರಯೋಗಶಾಲೆಯಲ್ಲಿ ಈ ಕ್ರಮದಂತೆಯೇ ವರ್ಧಕವನ್ನು ತೆರೆದು, ಎಡ ಬಲವರ್ಧಕದ ಹಲಗೆಯ ಬೆಸುಗೆಗಳನ್ನು ಭೂತಗನ್ನಡಿಯಿಂದ ಒಂದೊಂದಾಗಿ ನೋಡಿದೆವು. ಕೆಲಸ ಮಾಡುವಾಗ ಬಿಸಿಯೇರುವ ರೋಧಕವೊಂದರ ಕಾಲಿನ ಸುತ್ತ ಕೂದಲೆಳೆಗಿಂತ ತೆಳುವಾದ ಕಪ್ಪು ಉಂಗುರ ಕಾಣಿಸಿತು. ಹಳೆಯ ಬೆಸುಗೆಯನ್ನು ಹೀರಿ ತೆಗೆದು, ಕಾಲನ್ನು ಶುಚಿಮಾಡಿ, ಹೊಸದಾಗಿ ಬೆಸೆಯಲಾಯಿತು. ಯಾವ ಭಾಗವನ್ನೂ ಬದಲಿಸಬೇಕಾಗಲಿಲ್ಲ.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಪೆಟ್ಟಿಗೆಯನ್ನು ತಟ್ಟಿದಾಗ ಸರಿಹೋಗುವುದನ್ನು ರಿಪೇರಿಯೆನ್ನಲಾಗದು. ತೆರೆದು ಮುಚ್ಚಿದ್ದರಿಂದಲೇ ದೋಷ ಕೆಲವು ದಿನ ಅಡಗಿರಬಹುದು. ಹುಡುಗ ಏಳು ಸಂಜೆ, ಪ್ರತಿ ಸಲವೂ ಒಂದು ಗಂಟೆಗಿಂತ ಹೆಚ್ಚು ಹೊತ್ತು ವರ್ಧಕವನ್ನು ನಡೆಸಿದ. ಮೌನ ಮರಳಲಿಲ್ಲ. ಎಂಟನೆಯ ದಿನ ಅಜ್ಜಿಯ ಸೋಬಾನೆ ಪದಗಳು ಎರಡೂ ಸ್ಪೀಕರುಗಳಿಂದ ಕೊನೆಯವರೆಗೆ ಕೇಳಿಬಂದುವು. ಅದೇ ವಾರ ಅವನ್ನು ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಪ್ರತಿ ತೆಗೆದಿಡಲಾಯಿತು.

ಈ ವಿಧಾನವನ್ನು ಅಭ್ಯಾಸಮಾಡಲು ವರ್ಧಕವೇ ಬೇಕೆಂದಿಲ್ಲ. ಅಲುಗಿಸಿದಾಗ ಮಿಣುಕುವ ಎರಡು ಸೆಲ್ಲಿನ ಟಾರ್ಚು ಬಹುಮಂದಿಯ ಮನೆಯಲ್ಲಿರುತ್ತದೆ. ಅದರ ಮೂರು ವೋಲ್ಟುಗಳಿಂದ ಅಪಾಯವೂ ಇಲ್ಲ. ಸೆಲ್ಲು, ಸ್ಪ್ರಿಂಗು, ಸ್ವಿಚ್ಚು, ಬಲ್ಬು ಇವುಗಳಲ್ಲಿ ಯಾವುದು ತಪ್ಪಿತಸ್ಥ? ಥಟ್ಟನೆ ತಟ್ಟಿ ಸರಿಪಡಿಸದೆ, ಒಂದೊಂದನ್ನೇ ಬದಲಿಸಿ, ಮರಳಿ ಜೋಡಿಸಿ, ಬರೆದಿಟ್ಟು ಉತ್ತರ ಕಂಡುಕೊಳ್ಳಿರಿ. ಅಜ್ಜಿಯ ಕ್ಯಾಸೆಟ್ಟನ್ನು ಕಸದಿಂದ ಉಳಿಸಿದ್ದು ಆ ನೋಟುಪುಸ್ತಕವೇ.