ಅಂಕಿಯ ಪಕ್ಕದ ಅಕ್ಷರವನ್ನು ಬಿಡಬೇಡಿ

ನಮ್ಮ ಪೆನ್ನಾಗರಂ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಧರ್ಮಪುರಿ, ಹೊಸೂರು ದಾಟಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವವರುಂಟು, ಚೆನ್ನೈನ ಅಡಯಾರ್ ಆಸ್ಪತ್ರೆಗೆ ಹೋಗುವವರೂ ಉಂಟು. ಒಂದು ಕಡೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಮುಂದೆ ಇನ್ನೊಂದು ಕಡೆ ತೋರಿಸಿದಾಗ ಹೊಸ ಡಾಕ್ಟರು ಕೇಳಿಯೇ ಕೇಳುತ್ತಾರೆ: ಯಾವ ಜಾಗಕ್ಕೆ, ಎಷ್ಟು ಕೊಟ್ಟಿದ್ದಾರೆ? ನೀವು ‘ಐದು ಸಾವಿರ’ ಎಂದುಬಿಡುತ್ತೀರಿ. ಪಕ್ಕದ ಮನೆಯವರು ‘ನಮಗೆ ಬರೀ ಐವತ್ತು’ ಎನ್ನುತ್ತಾರೆ. ಇಬ್ಬರಿಗೂ ಆಗಿರುವುದು ಒಂದೇ ಅಳತೆ, ಆದರೆ ಇಬ್ಬರೂ ರಾತ್ರಿ ನಿದ್ದೆಗೆಡುತ್ತೀರಿ.

ದಯವಿಟ್ಟು ಇದನ್ನು ಒಮ್ಮೆ ಕಲಿತುಬಿಡಿ. ಒಂದು ಕಿಲೋ ತೂಕದ ಮೈಭಾಗ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು 1 ಗ್ರೇ. ಇದು 1975ರಲ್ಲಿ ಬಂದ ಅಳತೆ. ಅದಕ್ಕೂ ಮುಂಚೆ, 1953ರಿಂದ, ರ್‍ಯಾಡ್ ಎಂಬುದಿತ್ತು. ಗ್ರೇ ರೂಪಾಯಿಯಾದರೆ ರ್‍ಯಾಡ್ ಪೈಸೆ: ನೂರು ರ್‍ಯಾಡ್ ಸೇರಿದರೆ ಒಂದು ಗ್ರೇ. ಗ್ರೇಯ ನೂರನೇ ಒಂದು ಪಾಲಿಗೆ ಸೆಂಟಿಗ್ರೇ ಎನ್ನುತ್ತಾರಲ್ಲ, ಅದೂ ರ್‍ಯಾಡೂ ಸರಿಸಮ. ಹಾಗಾಗಿ ಹಳೆಯ ಫೈಲಿನ 5000 ರ್‍ಯಾಡ್, ಈಚಿನ ಚೀಟಿಯ 5000 ಸೆಂಟಿಗ್ರೇ, ಇನ್ನೊಂದು ಆಸ್ಪತ್ರೆಯ 50 ಗ್ರೇ ಮೂರೂ ಒಂದೇ. ರ್‍ಯಾಡನ್ನು ಗ್ರೇ ಮಾಡಲು ನೂರರಿಂದ ಭಾಗಿಸಿ, ಗ್ರೇಯನ್ನು ರ್‍ಯಾಡ್ ಮಾಡಲು ನೂರರಿಂದ ಗುಣಿಸಿ. ಮೂರನೇ ಕ್ಲಾಸಿನ ಲೆಕ್ಕ. ಆದರೆ ಚೀಟಿಯಿಂದ ನಕಲು ಮಾಡುವಾಗ ಸೆಂಟಿಗ್ರೇಯ (cGy) ಮುಂದಿನ ಪುಟ್ಟ ‘ಸಿ’ ಅಕ್ಷರವನ್ನು ನುಂಗಿಬಿಟ್ಟರೆ ಲೆಕ್ಕ ನೂರು ಪಟ್ಟು ತಪ್ಪುತ್ತದೆ. ಬರೀ ಅಂಕಿ ಬರೆದುಕೊಳ್ಳುವ ನಿಮ್ಮ ಅಭ್ಯಾಸವನ್ನು ಇವತ್ತೇ ಬಿಡಿ.

ಇನ್ನು ಸೀವರ್ಟ್. ಬೆಳ್ಳಗಿರುವುದೆಲ್ಲ ಹಾಲಲ್ಲ, ನೋಡಿ. ಸೀವರ್ಟ್ ಅಳೆಯುವುದು ಮೈ ಹೀರಿಕೊಂಡ ಶಕ್ತಿಯನ್ನಷ್ಟೇ ಅಲ್ಲ, ಯಾವ ಬಗೆಯ ವಿಕಿರಣ, ಯಾವ ಅಂಗಕ್ಕೆ ಬಿತ್ತು ಎಂಬುದನ್ನೂ ಸೇರಿಸಿ ಮುಂದೆ ಆಗಬಹುದಾದ ಅಪಾಯವನ್ನು ಅಂದಾಜು ಮಾಡುತ್ತದೆ. ಅದರ ಹಳೆಯ ಪೈಸೆ ರೆಮ್, ನೂರಕ್ಕೆ ಒಂದು ಸೀವರ್ಟ್. ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವರು ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡಿರುತ್ತಾರಲ್ಲ, ಅವರ ಲೆಕ್ಕ ಮಿಲಿಸೀವರ್ಟಿನಲ್ಲಿ. ನಮ್ಮ ದೇಶದ ನಿಯಮದಂತೆ ಅವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಚಿಕಿತ್ಸೆಯ ಕರೆಂಟನ್ನು ಈ ಅಳತೆಗೆ ತಿರುಗಿಸಲು ಹೋಗಬೇಡಿ. ಅದನ್ನು ಗ್ರೇಯಲ್ಲೇ ಇಟ್ಟುಕೊಳ್ಳಿ.

ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿಯೇ. ಮೊಬೈಲ್ ತೆಗೆದು ಹುಡುಕುತ್ತೀರಿ, ಅಲ್ಲಿ ‘4 ಗ್ರೇ ಬಿದ್ದರೆ ಪ್ರಾಣಕ್ಕೆ ಅಪಾಯ’ ಎಂದಿರುತ್ತದೆ, ನಿಮ್ಮ ಅಮ್ಮನ ಚೀಟಿಯಲ್ಲಿ 50 ಇರುತ್ತದೆ. ಎದೆ ಧಸಕ್ಕೆನ್ನದೆ ಇರುತ್ತದೆಯೇ? ಆದರೆ ಆ 4 ಗ್ರೇ ಒಂದೇ ಸಲಕ್ಕೆ ಇಡೀ ಮೈಗೆ ಬಿದ್ದಾಗಿನ ಮಾತು. ಅಮ್ಮನಿಗೆ ಕೊಡುವುದು ಗಡ್ಡೆಯಿರುವ ಜಾಗ ಮತ್ತು ಅದರ ಸುತ್ತಮುತ್ತಲಿಗೆ ಮಾತ್ರ, ಅದೂ ದಿನಕ್ಕೆ 2 ಗ್ರೇಯಂತೆ 25 ಸಿಟ್ಟಿಂಗಿನಲ್ಲಿ. ನಡುನಡುವೆ ಒಳ್ಳೆಯ ಜೀವಕೋಶಗಳು ಚೇತರಿಸಿಕೊಳ್ಳಲೆಂದೇ ಹಾಗೆ ಹಂಚಿ ಕೊಡುತ್ತಾರೆ. ಹೆದರಿ ಅರ್ಧಕ್ಕೆ ಬಿಟ್ಟು ಊರಿಗೆ ಬರಬೇಡಿ. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಹೊರಗಿನ ಕರೆಂಟೂ ಒಳಗಿಟ್ಟು ಕೊಡುವುದೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಎಳೆದಷ್ಟೂ ರೋಗಕ್ಕೆ ಬಲ ಬರುತ್ತದೆ. ಸುಗ್ಗಿ ಬಂತು, ಮದುವೆ ಬಂತು ಎಂದು ಸಿಟ್ಟಿಂಗ್ ತಪ್ಪಿಸುವವರನ್ನು ನಾನು ಬಯ್ಯದೆ ಬಿಡುವುದಿಲ್ಲ. ತಾಳಿದವನು ಬಾಳಿಯಾನು.

ಮೊತ್ತವನ್ನು ಮೊತ್ತಕ್ಕೆ ಹೋಲಿಸಿ ಜಗಳವನ್ನೂ ಮಾಡಬೇಡಿ. ಸ್ತನದ ಕ್ಯಾನ್ಸರಿಗೆ ಒಬ್ಬರಿಗೆ 25 ಸಲಕ್ಕೆ 50 ಗ್ರೇ, ಇನ್ನೊಬ್ಬರಿಗೆ 15 ಸಲಕ್ಕೆ 40 ಗ್ರೇ ಕೊಟ್ಟಿರಬಹುದು. ‘ನಮಗೆ ಕಡಿಮೆ ಕೊಟ್ಟರು’ ಎಂದು ಗೊಣಗುವ ಮುನ್ನ ಭಾಗಿಸಿ ನೋಡಿ: ಎರಡನೆಯವರಿಗೆ ಪ್ರತಿಸಲ 2.67 ಗ್ರೇ ಬಿದ್ದಿದೆ. ಸಲಕ್ಕೆ ಬೀಳುವ ಪಾಲು ಹೆಚ್ಚಾದರೆ ಕೆಲಸವೂ ಹೆಚ್ಚು. ಅದಕ್ಕೇ ಚೀಟಿಯಲ್ಲಿ ಮೊತ್ತದ ಪಕ್ಕ ಓರೆಗೆರೆ ಹಾಕಿ ಸಿಟ್ಟಿಂಗಿನ ಸಂಖ್ಯೆ ಬರೆದಿರುತ್ತಾರೆ. ಎರಡನ್ನೂ ಒಟ್ಟಿಗೇ ಓದಿ.

ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಡಿಎಲ್‌ಪಿ 500 ಎಂದು ಕಂಡು ಗಾಬರಿಯಾಗುವವರಿದ್ದಾರೆ. ಅದು ಮಿಲಿಗ್ರೇಯನ್ನು ಸ್ಕ್ಯಾನ್ ಆದ ಉದ್ದದಿಂದ, ಸೆಂಟಿಮೀಟರಿನಲ್ಲಿ, ಗುಣಿಸಿದ ಸಂಖ್ಯೆ. ದೊಡ್ಡವರ ಹೊಟ್ಟೆಯ ಸ್ಕ್ಯಾನಿಗಾದರೆ ಅದನ್ನು 0.015ರಿಂದ ಗುಣಿಸುತ್ತಾರೆ, ಸುಮಾರು 7.5 ಮಿಲಿಸೀವರ್ಟ್ ಆಯಿತು. ಇದನ್ನು ಹೋಲಿಸಿ ನೋಡಿ: ಸ್ಕ್ಯಾನ್ ಇಲ್ಲದೆಯೂ ನೆಲದಿಂದ, ಗಾಳಿಯಿಂದ, ಆಕಾಶದಿಂದ ಜಗತ್ತಿನ ಜನಕ್ಕೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಬೀಳುತ್ತಲೇ ಇರುತ್ತದೆ. ಡಾಕ್ಟರು ಬೇಕೆಂದ ಸ್ಕ್ಯಾನನ್ನು ಬೇಡವೆನ್ನಬೇಡಿ, ಅವರು ಬೇಡವೆಂದದ್ದನ್ನು ಹಟ ಹಿಡಿದು ಮಾಡಿಸಲೂ ಬೇಡಿ.

ಆಸ್ಪತ್ರೆಯ ಕಾಗದದ ಮೇಲೆ ನಿಮ್ಮ ಪೆನ್ನು ಆಡಿಸಬೇಡಿ. ಲೆಕ್ಕ ಮಾಡುವುದಿದ್ದರೆ ಬೇರೆ ಹಾಳೆಯಲ್ಲಿ ಮಾಡಿ, ಅನುಮಾನವಿದ್ದರೆ ಅಲ್ಲಿನ ಮೆಡಿಕಲ್ ಫಿಸಿಸಿಸ್ಟರಿಗೆ ತೋರಿಸಿ, ಈ ಲೆಕ್ಕವೇ ಅವರ ಕೆಲಸ. ಮೂಲ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಒಂದು ಜೆರಾಕ್ಸ್ ಮಗನ ಹತ್ತಿರವೋ ಮಗಳ ಹತ್ತಿರವೋ ಇರಲಿ. ಅದೇ ಜಾಗಕ್ಕೆ ವರ್ಷಗಳ ನಂತರ ಮತ್ತೆ ಕರೆಂಟ್ ಬೇಕಾದರೆ ಎಷ್ಟು ಕೊಡಬಹುದೆಂದು ತೀರ್ಮಾನಿಸಲು ಹಳೆಯ ಅಂಕಿ ಬೇಕೇ ಬೇಕು. ಕೊನೆಯ ಸಿಟ್ಟಿಂಗಿನ ದಿನ ಧರ್ಮಪುರಿ ಬಸ್ಸಿಗೆ ಓಡುವ ಮುಂಚೆ ಯಾವ ಭಾಗ, ಒಟ್ಟು ಎಷ್ಟು ಗ್ರೇ, ಎಷ್ಟು ಸಲ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದೆಲ್ಲ ಚೀಟಿಯಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ.